ದೇವರಮನೆಯ ಪರದೆಗೆ ಹಚ್ಚಿದ ಸೆರಗು

ನಾರಾಯಣಪೇಟೆಯ ಹೊಲಿಗೆ ಕೇಂದ್ರದ ಹುಡುಗಿಯರು ಆಗಾಗ ನನ್ನ ಮನೆಗೆ ಬಂದು, "ಸರೋಜಕ್ಕಾ, ಪರದಿ ಕೆಲಸ ಹೆಂಗ ಐತ್ರಿ? ನಾವೂ ಸೇರಬಹುದೇನ್ರಿ?" ಎಂದು ಕೇಳುತ್ತಾರೆ. ಇಷ್ಟು ದಿನ ಚಹಾ ಕುಡಿಸಿ, "ಚಲೋ ಐತಿ, ಸೇರ್ರಿ" ಎಂದು ಕಳಿಸುತ್ತಿದ್ದೆ. ಇನ್ನು ಹಾಗೆ ಹೇಳಲಾರೆ, ಆ ಹುಡುಗಿಯರಿಗೆಂದೇ ಇದನ್ನು ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಸಿಗುವ ಸಿದ್ಧ ಪರದೆಗೆ ಹಳೆಯ ಸೀರೆಯ ಅಂಚು ಹಚ್ಚಿ, ಅದು ಆ ಮನೆಯವರದೇ ಪರದೆ ಅನ್ನಿಸುವಂತೆ ಮಾಡುವುದು ನನ್ನ ಕೆಲಸವಾಗಿತ್ತು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಈ ಕೆಲಸದಲ್ಲಿ ನಾವು ಕತ್ತರಿ ಹಾಕುವುದು ಯಾರದೋ ತಾಯಿಯ, ಅತ್ತೆಯ ಸೀರೆಗೆ. ಒಂದು ಸಲ ನಾನು ಕತ್ತರಿಸಬಾರದ್ದನ್ನು, ಕತ್ತರಿಸಬಾರದೆಂದು ಗೊತ್ತಿದ್ದೂ ಕತ್ತರಿಸಿದೆ. ಅದು ಮಕ್ತಲ್‌ನ ಇಂದಿರಾಬಾಯಿ ಎಂಬ ಮುದುಕಿಯ ಸೀರೆಯ ಸೆರಗು. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದರೆ ನಿಮಗೆ ಸುಳ್ಳು ಹೇಳಿದ ಹಾಗೆ.

ನಾನು ರಾಜಣ್ಣನ ಅಂಗಡಿಗೆ ಸೇರಿದ ಕಾಲದಲ್ಲಿ ಪರದೆ ಎಂದರೆ ಥಾನಿನಿಂದ ಕತ್ತರಿಸಿದ ಬಟ್ಟೆ. ಮನೆಗೆ ಹೋಗಿ ಅಳತೆ ತೆಗೆದು, ನೆರಿಗೆ ಹಿಡಿದು, ಮೇಲೊಂದು ಪಟ್ಟಿ ಹಚ್ಚಿ, ಕೊಂಡಿ ಸಿಕ್ಕಿಸಿ ಕೊಡುತ್ತಿದ್ದೆವು. ಆಮೇಲೆ ಸಿದ್ಧ ಪರದೆಗಳು ಬಂದವು. ಪ್ಲಾಸ್ಟಿಕ್ ಚೀಲದಲ್ಲಿ ಎರಡೆರಡು, ಏಳು ಅಡಿ ಉದ್ದ, ಮೇಲಂಚಿನಲ್ಲಿ ಸಾಲಾಗಿ ದುಂಡನೆಯ ಲೋಹದ ರಿಂಗುಗಳು. ಕಂಬಿಗೆ ಪೋಣಿಸಿದರೆ ಮುಗಿಯಿತು. ಹೊಲಿಗೆಯವಳ ಮುಖ ನೋಡುವ ಅಗತ್ಯವೇ ಇಲ್ಲ. ಎರಡು ವರ್ಷದೊಳಗೆ ಊರಿನ ತುಂಬ ಒಂದೇ ಕಂದು ಬಣ್ಣದ ಎಲೆಚಿತ್ರದ ಪರದೆಗಳು ತೂಗಾಡತೊಡಗಿದವು. ಬ್ಯಾಂಕಿನವರ ಮನೆಯಲ್ಲೂ ಅದೇ ಎಲೆ, ಹಲ್ಲಿನ ಡಾಕ್ಟರರ ಮನೆಯಲ್ಲೂ ಅದೇ ಎಲೆ. ನನ್ನ ಮಷಿನ್ ಮೂಲೆಯಲ್ಲಿ ಧೂಳು ತಿನ್ನುತ್ತ ಕುಳಿತಿತ್ತು.

ಒಂದು ದಿನ ಒಬ್ಬ ಹೆಂಗಸು ಆ ಎಲೆಯ ಪರದೆಗಳನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟಿಕೊಂಡು ಬಂದು ಮೇಜಿನ ಮೇಲೆ ಒಗೆದಳು. "ನಮ್ಮ ವಾರಗಿತ್ತಿ ಮನ್ಯಾಗೂ ಇವೇ ಅದಾವ. ಆಕಿ ನನ್ನ ನೋಡಿ ತಂದಾಳೋ, ನಾ ಆಕೀನ್ನ ನೋಡಿ ತಂದೀನೋ ಅಂತ ಮಂದಿ ಕೇಳಾಕ ಹತ್ಯಾರ. ಇವನ್ನ ವಾಪಸ್ ತಗೋರಿ" ಎಂದು ರಾಜಣ್ಣನ ಮೇಲೆ ಹರಿಹಾಯ್ದಳು. ರಾಜಣ್ಣ ಮಾರಿದ ಮಾಲನ್ನು ವಾಪಸು ತೆಗೆದುಕೊಂಡ ಇತಿಹಾಸವೇ ಇಲ್ಲ. ನಾನು ಗಂಟು ಬಿಚ್ಚಿದ ಸೀರೆಯನ್ನು ನೋಡುತ್ತಿದ್ದೆ. ಅದು ನಾರಾಯಣಪೇಟೆಯದೇ ಚೌಕಳಿ ಸೀರೆ. ಒಡಲು ಜಾಳುಜಾಳಾಗಿತ್ತು, ಅಂಚು ಮಾತ್ರ ಗಟ್ಟಿಮುಟ್ಟಾಗಿತ್ತು. "ಈ ಅಂಚು ಹಚ್ಚಿ ಕೊಡಲೇನ್ರಿ?" ಎಂದೆ. ಮರುದಿನ ಆ ಪರದೆಗಳನ್ನು ನೋಡಿ ಆಕೆಯ ಮುಖ ಅರಳಿತು. ಒಂದು ವಾರ ಕಳೆಯುವಷ್ಟರಲ್ಲಿ ಆ ವಾರಗಿತ್ತಿಯೂ ತನ್ನ ಸೀರೆ ಹಿಡಿದುಕೊಂಡು ಬಂದಳು. ಮನೆಮನೆಯ ಮತ್ಸರದಿಂದಲೇ ನಮ್ಮ ಹೊಟ್ಟೆ ತುಂಬಿದ್ದು, ಅದನ್ನು ಮುಚ್ಚಿಡುವುದೇಕೆ?

ತಿಂಗಳೊಪ್ಪತ್ತಿನಲ್ಲಿ ಅಂಗಡಿಯ ಮುಂದೆ ಹೊಸ ಬೋರ್ಡು ಬಂತು. ಪರದೆಗಳಿಗೆ ಸೀರೆ ಅಂಚು ಹಚ್ಚಿಕೊಡಲಾಗುವುದು, ವಿನ್ಯಾಸ ರಾಜಣ್ಣ ಎಂದು, ಗಡಿಯ ಊರಾದ್ದರಿಂದ, ತೆಲುಗಿನಲ್ಲಿ ದೊಡ್ಡದಾಗಿ, ಕನ್ನಡದಲ್ಲಿ ಸಣ್ಣದಾಗಿ ಬರೆಸಿದ್ದ. ಆತನಿಗೆ ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ. "ನನ್ನ ಹೆಸರು ಎಲ್ಲಿ ಐತಿ ಮಾಲಕ್ರ?" ಎಂದು ನಗುನಗುತ್ತಲೇ ಕೇಳಿದೆ. "ನಿನ್ನ ಹೆಸರು ಬರದ್ರ ನಾಳೆ ನೀನ ಅಂಗಡಿ ತೆಗೀತಿ, ಸರೋಜಮ್ಮಾ" ಎಂದು ಆತನೂ ನಗುತ್ತಲೇ ಹೇಳಿದ. ಆಸೆಯೇನೋ ನನಗಿತ್ತು. ತೆಗೆಯುವ ಧೈರ್ಯ ನನಗಿರಲಿಲ್ಲ, ಅದೂ ಆತನಿಗೆ ಗೊತ್ತಿತ್ತು.

ಕೆಲಸ ಕಲಿತದ್ದು ತಪ್ಪು ಮಾಡಿಮಾಡಿಯೇ. ಗದ್ವಾಲದ ಒಬ್ಬ ಡಾಕ್ಟರರ ಮನೆಗೆ ಹಾಲಿನ ಬಣ್ಣದ ಆರು ಪರದೆಗಳಿಗೆ ಕೆಂಪು ಅಂಚು ಹಚ್ಚಿ ಕೊಟ್ಟಿದ್ದೆ. ನೋಡಿದವರೆಲ್ಲ ಹೊಗಳಿದರು. ಹಬ್ಬಕ್ಕೆ ಮುಂಚೆ ಅವರು ಪರದೆಗಳನ್ನು ವಾಷಿಂಗ್ ಮಷಿನ್ನಿಗೆ ಹಾಕಿದ್ದಾರೆ. ಆರೂ ಪರದೆಗಳು ಗುಲಾಬಿ ಬಣ್ಣ ಹೊದ್ದು ಹೊರಬಂದವು. ಅದು ಸಾಲದೆಂಬಂತೆ ಹತ್ತಿಯ ಅಂಚು ಕುಗ್ಗಿ, ಕುಗ್ಗದ ಪಾಲಿಸ್ಟರ್ ಬಟ್ಟೆ ಅದರ ಪಕ್ಕದಲ್ಲಿ ಉಬ್ಬಿ ನಿಂತಿತ್ತು. ಡಾಕ್ಟರರ ಹೆಂಡತಿ ಅಂಗಡಿಗೆ ಬಂದಾಗ ರಾಜಣ್ಣ ನನ್ನನ್ನು ಮುಂದೆ ನಿಲ್ಲಿಸಿ, "ಮೊದಲ ನೀರಾಗ ಹಾಕು ಅಂತ ಹೇಳಿದ್ನಿ, ಈಕಿ ಕೇಳಲಿಲ್ಲ" ಎಂದುಬಿಟ್ಟ. ಅಂಥ ಮಾತನ್ನು ಆತ ಎಂದೂ ಹೇಳಿರಲಿಲ್ಲ. ಅಂದಿನಿಂದ ಯಾವ ಅಂಚು ಬಂದರೂ ಉಪ್ಪಿನ ನೀರಿನಲ್ಲಿ ಒಂದು ದಿನ ನೆನೆಹಾಕಿ, ನೆರಳಿನಲ್ಲಿ ಒಣಗಿಸಿ, ಕೆಳಗೆ ತೆಳ್ಳನೆಯ ಅಸ್ತರ್ ಕೊಟ್ಟು, ಮೊದಲು ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಮಷಿನ್ನಿಗೆ ಇಡುತ್ತಿದ್ದೆ. ಜರಿಯ ಮೇಲೆ ನೇರವಾಗಿ ಇಸ್ತ್ರಿ ಇಡಬೇಡಿ, ನಡುವೆ ಒಂದು ಬಟ್ಟೆ ಹಾಕಿ. ಇಷ್ಟನ್ನು ನೀವು ನನ್ನಿಂದ ಕಲಿತರೆ ಸಾಕು, ಉಳಿದದ್ದನ್ನು ಕಲಿಯಬೇಡಿ.

ಗದ್ವಾಲದವರಿಂದಲೇ ಇನ್ನೊಂದು ಮಾತು ಕೇಳಿದೆ. ಮಗ್ಗದವರ ಹತ್ತಿರ ಅಂಚಿನ ತುಂಡುಗಳು ಸಿಗುತ್ತವೇನೋ ಎಂದು ಒಬ್ಬ ವಯಸ್ಸಾದ ನೇಕಾರನ ಮನೆಗೆ ಹೋಗಿದ್ದೆ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಹತ್ತಿಯನ್ನೂ ರೇಷ್ಮೆಯನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಸಿಕ್ಕಿಸಿ ಜೋಡಿಸುತ್ತಾರೆ. ನಾನು ಮಾದರಿಗೆಂದು ಒಯ್ದಿದ್ದ, ಸೀರೆಯಿಂದ ಕತ್ತರಿಸಿದ ಅಂಚನ್ನು ಆತ ಕೈಯಲ್ಲಿ ಹಿಡಿದು ಆ ಜೋಡಣೆಯ ಜಾಗವನ್ನು ಬೆರಳಿನಿಂದ ಸವರಿದ.

"ಏಮಮ್ಮಾ, ಇದನ್ನ ಜೋಡಸಾಕ ಇಬ್ಬರು ಕುಂದರತೀವಿ. ನೀ ಒಬ್ಬಾಕೀನ ಬಿಡಿಸಿ ಬಿಟ್ಟೀ?"

ನಾನು ನಕ್ಕೆ. ಆತ ನಗಲಿಲ್ಲ. "ಒಡಲು ಎಲ್ಲಿ ಹೋತು?" ಎಂದು ಕೇಳಿದ. ಒಡಲಿನ ಬಟ್ಟೆಯನ್ನು ನಾವು ಅಂಗಡಿಯಲ್ಲಿ ಮಷಿನ್ನಿನ ಎಣ್ಣೆ ಒರೆಸಲು ಇಟ್ಟುಕೊಳ್ಳುತ್ತಿದ್ದೆವು. "ಮನ್ಯಾಗ ಐತ್ರಿ" ಎಂದೆ. ಬಸ್ಸಿನಲ್ಲಿ ಬರುವಾಗ ಆ ಮುದುಕನ ಮೇಲೆ ಸಿಟ್ಟು ಬಂತು. ಹಳೆಯ ಸೀರೆ ಪೆಟ್ಟಿಗೆಯಲ್ಲಿ ಕೊಳೆಯುವುದಕ್ಕಿಂತ ಬಾಗಿಲಿಗೆ ತೂಗುಬಿದ್ದರೆ ತಪ್ಪೇನು ಎಂದು ನನ್ನಷ್ಟಕ್ಕೆ ನಾನೇ ವಾದ ಮಾಡಿಕೊಂಡೆ.

ಇಷ್ಟರ ಮೇಲೆ ಇಂದಿರಾಬಾಯಿಯವರ ಪರದೆ ಬಂತು.

ಅವರ ಗಂಡ ಮಕ್ತಲ್‌ನಲ್ಲಿ ಅರ್ಚಕರು, ಮಡಿಹುಡಿಯ ಮನೆತನ. ಮಗ ಹೊಸ ಮನೆ ಕಟ್ಟಿಸಿದ್ದ. ಸೊಸೆ ವೈಜಯಂತಿ ರಾಯಚೂರಿಗೆ ಹೋಗಿ ಎಲ್ಲ ಬಾಗಿಲುಗಳಿಗೂ ಗಂಧದ ಬಣ್ಣದ ಸಿದ್ಧ ಪರದೆಗಳನ್ನು ತಂದಿದ್ದಳು. ದೇವರಮನೆಯ ಬಾಗಿಲಿಗೂ ಅದೇ. ಅತ್ತೆಗೆ ಅದು ಸರಿಬರಲಿಲ್ಲ. ಮಷಿನ್ನಿನಲ್ಲಿ ಹುಟ್ಟಿದ ನೈಲಾನನ್ನು ದೇವರ ಮುಂದೆ ಹೇಗೆ ತೂಗಿಹಾಕುವುದು? ಸೊಸೆಯ ಮನಸ್ಸನ್ನೂ ನೋಯಿಸಬಾರದು. ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ನನ್ನನ್ನು ಕರೆಸಿ, ಪಡಸಾಲೆಯಲ್ಲಿ ಕೂರಿಸಿ, ಬಿಳಿಯ ಪಂಚೆಯಲ್ಲಿ ಸುತ್ತಿಟ್ಟಿದ್ದ ಸೀರೆಯನ್ನು ತಂದು ನನ್ನೆದುರಿಗೆ ಇಟ್ಟರು. ಅವರ ಮದುವೆಯ ಧಾರೆ ಸೀರೆ. ಒಂಬತ್ತು ಗಜದ ಗದ್ವಾಲ, ಬೆಳ್ಳನೆಯ ಒಡಲು, ಕುಂಕುಮದ ಬಣ್ಣದ ಅಂಚು, ಜರಿಯ ಸೆರಗು. ಅಷ್ಟು ವರ್ಷವಾದರೂ ಸೆರಗಿನ ಜರಿ ಕಪ್ಪಾಗಿರಲಿಲ್ಲ.

"ಇದರದು ಮ್ಯಾಲಿನ ಅಂಚು ಒಂದು ಬಿಡಿಸ್ಕೋ ಸರೋಜಾ. ಅದನ್ನ ದೇವರ ಪರದಿಗೆ ಹಚ್ಚು" ಎಂದರು. "ಕೆಳಗಿನ ಅಂಚು, ಸೆರಗು ಎರಡಕ್ಕೂ ಕೈ ಹಚ್ಚಬ್ಯಾಡ. ನಾ ಹೋದಾಗ ಇದನ್ನೇ ಉಡಿಸ್ರಿ ಅಂತ ಇಕಿಗೆ ಹೇಳಿಟ್ಟೀನಿ. ಮುತ್ತೈದಿಯಾಗಿ ಹೋಗೋ ಪುಣ್ಯ ಇದ್ರ, ಧಾರಿ ಸೀರಿ ಉಟ್ಟೇ ಹೋಗಬೇಕು ನಾನು."

ಪಕ್ಕದಲ್ಲಿ ನಿಂತಿದ್ದ ವೈಜಯಂತಿ, "ಏನ್ರೀ ಅತ್ತಿ, ಗೃಹಪ್ರವೇಶದ ಹೊತ್ತಿನ್ಯಾಗ ಇದೇನ್ ಮಾತು" ಎಂದು ಗದರಿದಳು. ಮುದುಕಿ ನಕ್ಕುಬಿಟ್ಟರು. ಸಾವಿನ ಮಾತನ್ನು ಅಷ್ಟು ಹಗುರಾಗಿ ಆಡಿದವರನ್ನು ನಾನು ನೋಡಿರಲಿಲ್ಲ.

ಆಮೇಲೆ ಹೊಸ ಮನೆಗೆ ಹೋಗಿ ಅಳತೆ. ಗೃಹಪ್ರವೇಶ ಇನ್ನೂ ಆಗದಿದ್ದರೂ ದೇವರಮನೆಯೊಳಗೆ ನನ್ನಂಥವಳು ಕಾಲಿಡುವಂತಿಲ್ಲ. ಹೊಸ್ತಿಲಿಗಿಂತ ಮೂರು ಮಾರು ಆಚೆ ನಿಲ್ಲಬೇಕು. ನನ್ನ ಟೇಪೂ ಒಳಗೆ ಹೋಗುವಂತಿಲ್ಲ. ನಾನು ಹೊಲಿದ ಪರದೆ ದೇವರ ಮುಂದೆ ತೂಗಬಹುದು, ಅದನ್ನು ಮೂರು ಸಲ ನೀರಿಗೆ ಅದ್ದಿದರೆ ಮಡಿಯಾಗುತ್ತದೆ, ನಾನು ಮಾತ್ರ ಎಷ್ಟು ಸಲ ಅದ್ದಿದರೂ ಆಗುವುದಿಲ್ಲ. ಅದು ನನಗೆ ಆಗಲೂ ಚುಚ್ಚಿತ್ತು, ಈಗಲೂ ಚುಚ್ಚುತ್ತದೆ. ಇಂದಿರಾಬಾಯಿಯವರೇ ಮಡಿಯುಟ್ಟು ಒಂದು ಹತ್ತಿಯ ದಾರವನ್ನು ನೀರಿನಲ್ಲಿ ಅದ್ದಿ, ಜಗ್ಗಿ ಹಿಡಿದು, ಬಾಗಿಲಿನ ಎತ್ತರ ಅಳೆದು ಗಂಟು ಹಾಕಿದರು. ಆ ದಾರವನ್ನು ದೂರದಿಂದಲೇ ನನ್ನ ಕೈಗೆ ಬಿಟ್ಟರು. "ನೆಲಕ್ಕ ತಾಗಬೇಕು ನೋಡು. ನೈವೇದ್ಯ ಇಟ್ಟಾಗ ಹೊರಗಿನವರ ಕಣ್ಣಿಗೆ ಎಡಿ ಕಾಣಬಾರದು" ಎಂದರು. ದಾರ ಒದ್ದೆಯಾಗಿತ್ತು. ನಾನು ಅದನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಅಂಗಡಿಗೆ ಬರುವಷ್ಟರಲ್ಲಿ ದಾರ ಒಣಗಿತ್ತು. ಆ ಗಂಟಿನ ಅಳತೆಗೆ ಪರದೆಯ ಕೆಳಭಾಗ ಕತ್ತರಿಸಿದೆ. ಕತ್ತರಿಸಿದ ಬಟ್ಟೆ ಹಾಳಾಗಬಾರದೆಂದು ಅದನ್ನು ಸೀಳಿ, ಪರದೆಯನ್ನು ಪಕ್ಕಕ್ಕೆ ಕಟ್ಟುವ ಪಟ್ಟಿಗಳನ್ನು ಹೊಲಿದೆ. ಸೀರೆಯ ಮೇಲಿನ ಅಂಚನ್ನು ಜೋಡಣೆಯ ಗುಂಟ ಒಂದು ಎಳೆಯೂ ಹೋಗದಂತೆ ಬಿಡಿಸಿದೆ. ಅಲ್ಲಲ್ಲಿ ಅಂಚು ಜೀರ್ಣವಾಗಿತ್ತು, ಗಟ್ಟಿ ಉಳಿದದ್ದು ಪರದೆಯ ಸುತ್ತಲೂ ಒಂದು ಸುತ್ತಿಗೆ ಸರಿಯಾಯಿತು. ಗೃಹಪ್ರವೇಶಕ್ಕೆ ಎರಡು ದಿನ ಇರುವಾಗ ಒಯ್ದು ಕೊಟ್ಟೆ. ಇಂದಿರಾಬಾಯಿ ರಾಯರ ದರ್ಶನಕ್ಕೆಂದು ಮಂತ್ರಾಲಯಕ್ಕೆ ಹೋಗಿದ್ದರು. ವೈಜಯಂತಿಯೇ ಪರದೆಯನ್ನು ಕಂಬಿಗೆ ಏರಿಸಿದಳು. ನಾನು ಹೊರಗೆ ನಿಂತು ನೋಡುತ್ತಿದ್ದೆ. ನೆಲಕ್ಕೂ ಪರದೆಗೂ ನಡುವೆ ನಾಲ್ಕು ಬೆರಳು ಸಂದು.

"ಅಯ್ಯ ದೇವ್ರೇ, ನೈವೇದ್ಯದ ಎಲಿ ತುದಿ ಪೂರಾ ಕಾಣಸ್ತದಲ್ರೀ ಸರೋಜಕ್ಕಾ! ಅತ್ತಿಯವರು ನೋಡಿದ್ರ ಏನಂತಾರ?" ವೈಜಯಂತಿಗೆ ಅಳು ಬಂದಿತ್ತು.

"ಗಾಬರಿ ಆಗಬ್ಯಾಡ್ರಿ, ಸರಿ ಮಾಡಿ ತರತೀನಿ" ಎಂದು, ಅವಳು ಇಳಿಸಿಕೊಟ್ಟ ಪರದೆಯನ್ನು ತೆಗೆದುಕೊಂಡು ಬಂದೆ. ಅಂಗಡಿಗೆ ಬಂದು ಆ ದಾರವನ್ನು ನೀರಿನಲ್ಲಿ ಅದ್ದಿ, ಜಗ್ಗಿ, ಮೇಜಿನ ಮೇಲೆ ಇಟ್ಟು ನೋಡಿದೆ. ಸರಿಯಾಗಿ ನಾಲ್ಕು ಬೆರಳು ಬೆಳೆಯಿತು. ಅವರ ಅಳತೆ ಸರಿಯಾಗಿಯೇ ಇತ್ತು. ಹತ್ತಿ ಒಣಗಿದರೆ ಕುಗ್ಗುತ್ತದೆ ಎಂದು ಗದ್ವಾಲದ ಡಾಕ್ಟರರ ಹೆಂಡತಿಯಿಂದ ಬೈಸಿಕೊಂಡು ಕಲಿತ ನಾನೇ ಆ ಒದ್ದೆ ದಾರವನ್ನು ನಂಬಿದ್ದೆ. ಅಂಚನ್ನು ನೆನೆಹಾಕಲು ನೆನಪಾಗಿತ್ತು, ದಾರದ ವಿಷಯ ಹೊಳೆಯಲಿಲ್ಲ.

ಏನು ಮಾಡಬಹುದಿತ್ತು ಎಂದು ಆಮೇಲೆ ನೂರು ಸಲ ಯೋಚಿಸಿದ್ದೇನೆ. ರಾಯಚೂರಿಗೆ ಹೋಗಿ ಅದೇ ಬಣ್ಣದ ಇನ್ನೊಂದು ಪರದೆ ತರಬಹುದಿತ್ತು. ಮುದುಕಿ ಬರುವವರೆಗೆ ಕಾದು ತಪ್ಪು ಒಪ್ಪಿಕೊಳ್ಳಬಹುದಿತ್ತು. ರಾಜಣ್ಣನಿಗೆ ಎರಡನ್ನೂ ಹೇಳಿದೆ. ಆತ ಕಪಾಟಿನಲ್ಲಿದ್ದ ಇಂದಿರಾಬಾಯಿಯವರ ಸೀರೆಯ ಕಡೆಗೆ ಕೈ ತೋರಿಸಿದ. ಅಂಚು ಬಿಡಿಸಿದ ಬದಿಗೆ ಮಡಿಕೆ ಹೊಲಿದು ಕೊಡಬೇಕೆಂದು ಅದು ಇನ್ನೂ ಅಂಗಡಿಯಲ್ಲೇ ಇತ್ತು.

"ಸೆರಗಿನಾಗ ಒಂದು ಗೇಣು ತಗದು ಕೆಳಗ ಹಚ್ಚು. ಜರಿ ಐತಿ, ಮಸ್ತ್ ಕಾಣತೈತಿ. ಪರವಾಲೇದು, ಏನೂ ಆಗಂಗಿಲ್ಲ."

"ಆಕಿ ಕಡೀಗೆ ಉಡೋ ಸೀರಿ ಐತ್ರಿ ಅದು ಮಾಲಕ್ರ. ಸೆರಗಿಗೆ ಕೈ ಹಚ್ಚಬ್ಯಾಡ ಅಂತ ಬಾಯಿಬಿಟ್ಟು ಹೇಳ್ಯಾರ."

"ಪೆಟ್ಟಿಗ್ಯಾಗ ಇಟ್ಟ ಸೀರಿ ಯಾರು ಬಿಚ್ಚಿ ನೋಡತಾರ? ಬಿಚ್ಚೋ ಹೊತ್ತಿಗೆ ಕೇಳಾಕ ಆಕೀನ ಇರಂಗಿಲ್ಲ."

ಈ ಮಾತಿನ ಮೇಲೆ ನಾನು ಆತನನ್ನು ಎಷ್ಟು ವರ್ಷ ದೂರಿದ್ದೇನೋ ಲೆಕ್ಕವಿಲ್ಲ. ಮಾಲೀಕ ಹೇಳಿದ, ಕೆಲಸ ಹೋದೀತೆಂದು ಹೆದರಿದೆ, ಮಾಡಿದೆ ಎಂದು ಗಂಡನಿಗೂ ಹೇಳಿದೆ, ನನಗೆ ನಾನೂ ಹೇಳಿಕೊಂಡೆ. ಆದರೆ ಹೆದರಿಕೆ ಅರ್ಧ ಮಾತ್ರ. ಆ ಸೆರಗನ್ನು ಪರದೆಯ ಕೆಳಗೆ ಇಟ್ಟು ನೋಡಿದಾಗ ನನ್ನ ಕಣ್ಣು ಅಲ್ಲಿಂದ ಏಳಲಿಲ್ಲ. ಅದರ ಅಗಲ ಪರದೆಯ ಅಗಲಕ್ಕೆ ಹೇಳಿ ಮಾಡಿಸಿದಂತಿತ್ತು. ಕೆಂಪು ರೇಷ್ಮೆಯ ಮೇಲೆ ಜರಿಯ ಗೆರೆಗಳು, ಗಂಧದ ಬಣ್ಣದ ಬಟ್ಟೆ. ಅಂಥ ಪರದೆಯನ್ನು ನಾನು ಅದುವರೆಗೂ ಹೊಲಿದಿರಲಿಲ್ಲ. ಹೊಲಿಯಬೇಕೆಂಬ ಆಸೆ ಹುಟ್ಟಿತು. ಕತ್ತರಿ ನನ್ನ ಕೈಯಲ್ಲಿತ್ತು, ರಾಜಣ್ಣನ ಕೈಯಲ್ಲಿರಲಿಲ್ಲ. ಒಂದು ಗೇಣು ಕತ್ತರಿಸಿದೆ. ಸೀರೆಯ ಆ ತುದಿಗೆ ಸರಿಯಾಗಿ ಮಡಿಕೆಯನ್ನೂ ಹಾಕದೆ, ಸೆರಗು ಒಳಗೆ ಬರುವಂತೆ ಮಡಚಿ, ಪಂಚೆಯಲ್ಲಿ ಸುತ್ತಿ, ಪರದೆಯ ಜೊತೆಗೇ ವೈಜಯಂತಿಗೆ ಕೊಟ್ಟುಬಂದೆ.

ಗೃಹಪ್ರವೇಶದ ದಿನ ನನಗೂ ಊಟದ ಕರೆ ಬಂದಿತ್ತು. ಪರದೆ ನೆಲಕ್ಕೆ ತಾಗುವಂತೆ ತೂಗುತ್ತಿತ್ತು. ಬಂದವರೆಲ್ಲ ಅದನ್ನೇ ಹೊಗಳುತ್ತಿದ್ದರು. ಒಬ್ಬ ಹೆಂಗಸು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಳು. ನೈವೇದ್ಯದ ಹೊತ್ತಿಗೆ ಪರದೆ ಎಳೆದರು, ಒಳಗಿನದು ಒಂದಿಷ್ಟೂ ಕಾಣಲಿಲ್ಲ. ಊಟವಾದ ಮೇಲೆ ಇಂದಿರಾಬಾಯಿ ನನ್ನನ್ನು ಪಡಸಾಲೆಯ ಹೊಸ್ತಿಲ ಹತ್ತಿರ ಕರೆದರು. ಪರದೆಯ ಬುಡವನ್ನೇ ಸ್ವಲ್ಪ ಹೊತ್ತು ನೋಡಿದರು.

"ಅಳತಿ ಸರಿ ಬಂತೇನು ಸರೋಜಾ?" ಎಂದು ಕೇಳಿದರು.

"ಸರಿ ಬಂತ್ರಿ ಅವ್ವಾರ."

"ಬ್ಯಾರೆ ಏನೂ ತೊಂದರೆ ಆಗಲಿಲ್ಲ?"

"ಇಲ್ರಿ ಅವ್ವಾರ."

ಕುಂಕುಮ ಕೊಟ್ಟು, ಮೇಲಿನಿಂದ ಒಂದು ಕುಪ್ಪಸದ ಕಣವನ್ನು ನನ್ನ ಉಡಿಗೆ ಹಾಕಿದರು. ಪಾರಾದೆ ಎಂದುಕೊಂಡೆ. ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಸೋಡಾ ಕುಡಿದು, ಹಗುರಾಗಿ ಊರಿಗೆ ಬಂದೆ.

ಆ ಫೋಟೋ ಊರೂರು ಸುತ್ತಿತು. ರಾಜಣ್ಣ ಅದನ್ನು ದೊಡ್ಡದು ಮಾಡಿಸಿ ಅಂಗಡಿಯ ಗಾಜಿಗೆ ಅಂಟಿಸಿದ. ಅಲ್ಲಿಂದ ಮುಂದೆ ಬಂದವರಿಗೆಲ್ಲ ಅಂಚು ಸಾಲದಾಯಿತು, ಸೆರಗೇ ಬೇಕು. ಮಾನೋಪಾಡಿನಿಂದ ಬಂದ ಒಬ್ಬಳು ಇನ್ನೂ ಬದುಕಿದ್ದ ತಾಯಿಯ ಸೀರೆಯನ್ನು ತಂದು, "ನಮ್ಮವ್ವಗ ಗೊತ್ತಿಲ್ಲ, ಲಗೂನ ಕತ್ತರಿಸ್ರಿ" ಎಂದಳು. ಬೇಡ ಎನ್ನಲು ನನಗೆ ಯಾವ ಬಾಯಿ? ಕತ್ತರಿಸಿದೆ. ಕೆ.ಟಿ. ದೊಡ್ಡಿಯ ಇಬ್ಬರು ಅಣ್ಣತಮ್ಮಂದಿರು ಸತ್ತ ತಾಯಿಯ ಒಂದೇ ಸೀರೆಯನ್ನು ತಂದು, ಸೆರಗನ್ನು ಸರಿಯಾಗಿ ಎರಡು ಪಾಲು ಮಾಡಿ ಇಬ್ಬರ ಮನೆಯ ಪರದೆಗಳಿಗೆ ಹಚ್ಚಿರೆಂದರು. ನನ್ನ ಮೇಜಿನ ಮೇಲೆಯೇ ಎರಡು ಪಾಲುಗಳನ್ನು ಒಂದರ ಮೇಲೊಂದು ಇಟ್ಟು ನೋಡಿ ಒಂದು ಬೆರಳು ಹೆಚ್ಚುಕಡಿಮೆಯಾಗಿದೆಯೆಂದು ಜಗಳವಾಡಿದರು. ನಾನು ಮಾಡಿದ ತಪ್ಪು ಒಂದು ಫ್ಯಾಷನ್ ಆಗಿಹೋಗಿತ್ತು. ಹಬ್ಬದ ದಿನಗಳಲ್ಲಿ ನನಗೆ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ.

ಎರಡು ವರ್ಷ ಹಾಗೆ ನಡೆಯಿತು. ಆಮೇಲೆ ಸೂರತ್‌ನ ಕಡೆಯಿಂದ ಹೊಸ ಮಾಲು ಬಂತು. ನಮ್ಮ ಅಂಚು, ನಮ್ಮ ಸೆರಗು, ಎಲ್ಲವನ್ನೂ ಪರದೆಯ ಮೇಲೆಯೇ ಛಾಪು ಹೊಡೆದಿದ್ದರು. ದೂರದಿಂದ ನೋಡಿದರೆ ನಿಜವಾದದ್ದೇ ಅನ್ನಬೇಕು. ಹತ್ತಿರ ಹೋಗಿ ಮುಟ್ಟಿದರೆ ಜರಿಯೂ ಇಲ್ಲ, ಜೋಡಣೆಯೂ ಇಲ್ಲ. ಪರದೆಯನ್ನು ಮುಟ್ಟಿ ನೋಡುವವರು ಯಾರು? ಬೇಕಾದವರಿಗೆ ಇಸ್ತ್ರಿಪೆಟ್ಟಿಗೆಯಿಂದ ಒತ್ತಿದರೆ ಅಂಟಿಕೊಳ್ಳುವ ಲೇಸೂ ಬಂತು. ಸೀರೆಯ ಅಂಚು ಹಚ್ಚುವ ಕೆಲಸ ಒಂದೆರಡು ಅಂಗಡಿಗಳಲ್ಲಿ ಮಾತ್ರ ಉಳಿಯಿತು. ಅಳತೆಗೆ ಯಾರೂ ಹೋಗುವುದಿಲ್ಲ, ಮೊಬೈಲಿನಲ್ಲಿ ಬಾಗಿಲಿನ ಫೋಟೋ ಕಳಿಸುತ್ತಾರೆ. ರಾಜಣ್ಣ ನನ್ನನ್ನು ಸೀರೆಗೆ ಫಾಲ್ ಹಚ್ಚುವ ಕೆಲಸಕ್ಕೆ ಹಾಕಿದ. ಒಂದು ದಿನ ನನ್ನ ಮಷಿನ್ ಇದ್ದ ಜಾಗದಲ್ಲಿ ಗೊಂಬೆಯೊಂದಕ್ಕೆ ನೈಟಿ ತೊಡಿಸಿ ನಿಲ್ಲಿಸಿದ್ದ. ಕತ್ತರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದೆ. ಆ ಕತ್ತರಿ ನನ್ನದೇ, ಅದನ್ನೂ ಆತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

ಹೋದ ವರ್ಷ ಇಂದಿರಾಬಾಯಿ ತೀರಿಕೊಂಡರೆಂದು ಯಾರೋ ಹೇಳಿದರು. ಮುತ್ತೈದೆಯಾಗಿಯೇ ಹೋದರಂತೆ. ಆ ಹೊತ್ತಿನಲ್ಲಿ ಗಂಟು ಬಿಚ್ಚಿರುತ್ತಾರೆ, ಕತ್ತರಿಸಿದ ಸೆರಗು ನೋಡಿರುತ್ತಾರೆ, ಹೆಣದ ಮುಂದೆ ಕುಳಿತು ನನ್ನನ್ನು ಶಪಿಸಿರುತ್ತಾರೆ ಎಂದು ನನ್ನ ಮನಸ್ಸು ಅದನ್ನೇ ಹಿಡಿದು ಕುಳಿತಿತ್ತು. ಹೋಗಿ ಮುಖ ತೋರಿಸುವ ಧೈರ್ಯವಾಗಲಿಲ್ಲ.

ವೈಜಯಂತಿ ತಾನಾಗಿಯೇ ಬಂದಳು. ಹದಿಮೂರು ದಿನಗಳು ಮುಗಿದಿದ್ದವು. ಕೈಯಲ್ಲೊಂದು ಬಟ್ಟೆಯ ಚೀಲ. ಕುರ್ಚಿ ಹಾಕಿದೆ, ಕುಳಿತಳು. ನೀರು ಕೊಟ್ಟೆ, ಪಕ್ಕಕ್ಕೆ ಇಟ್ಟಳು. ಚೀಲದಿಂದ ಬಿಳಿಯ ಪಂಚೆಯ ಗಂಟನ್ನು ತೆಗೆದು ನನ್ನ ಮುಂದೆ ಇಟ್ಟಳು.

"ಇದು ನಿಮಗ ಕೊಡಬೇಕು ಅಂತ ಅತ್ತಿಯವರು ಹೇಳಿದ್ರು" ಎಂದಳು.

"ನನಗ ಯಾಕ್ರಿ? ಇದನ್ನ ಅವರಿಗೆ..."

"ಉಡಿಸಲಿಲ್ಲ. ಹೋಗೋಕಿಂತ ನಾಲ್ಕು ದಿನ ಮೊದಲ ನನ್ನ ಕರದು ಹೇಳಿದ್ರು. ಸೆರಗು ಕತ್ತರಿಸಿದ ಸೀರಿ ನನಗ ಉಡಿಸಬ್ಯಾಡ್ರಿ, ಅದನ್ನ ಸರೋಜಾಗ ಕೊಡ್ರಿ, ಆಕಿಗೆ ಪರದಿಗೆ ಬೇಕಾಗ್ತದ ಅಂದ್ರು. ಪರದಿ ಜರಿ ನಿಮ್ಮ ಅಂಗಡೀದು ಅಂತ ತಿಳ್ಕೊಂಡಿದ್ನಿ, ಆಗ ಅವರ ಮಾತು ನಂಬಲಿಲ್ಲ. ಅವರು ಹೋದ ದಿನ ಬಿಚ್ಚಿ ನೋಡಿದ ಮ್ಯಾಲೆ ತಿಳೀತು." ಗಂಟನ್ನು ನನ್ನ ಕಡೆಗೆ ಸರಿಸಿದಳು. "ಪ್ಯಾಟಿಗೆ ಓಡಿ ಒಂದು ಹಸಿರು ಸೀರಿ ತಂದ್ವಿ. ಅವಸರದಾಗ ಸಿಕ್ಕದ್ದು ನೈಲಾನ್ ಕೂಡಿದ್ದು."

"ಅವರಿಗೆ ಯಾವಾಗ ಗೊತ್ತಾತ್ರಿ?"

"ಗೃಹಪ್ರವೇಶದ ದಿನಾನ. ತಮ್ಮ ಸೆರಗು ತಮಗ ಗುರ್ತು ಸಿಗೂದಿಲ್ಲೇನ್ರಿ? ಹೊಸ್ತಿಲದಾಗ ನಿಮ್ಮನ್ನ ಎರಡು ಸಲ ಕೇಳಿದ್ರಂತ. ಆಕಿ ಖರೇ ಹೇಳಿದ್ರ ಸೀರಿ ಹೋದ್ರ ಹೋಗಲಿ ಅಂತಿದ್ನಿ ಅಂದ್ರು."

ಅಷ್ಟು ವರ್ಷ ದಿನವೂ ಆ ಪರದೆಯನ್ನು ಎಳೆದು ನೈವೇದ್ಯ ಮಾಡಿದ್ದಾರೆ, ದಿನವೂ ಆ ಸೆರಗನ್ನು ಕೈಯಿಂದ ಸರಿಸಿದ್ದಾರೆ. ಗಂಟು ಬಿಚ್ಚಿದೆ. ಕತ್ತರಿಸಿದ ತುದಿ ನಾನು ಬಿಟ್ಟ ಹಾಗೆಯೇ ಇತ್ತು, ಎಳೆಗಳು ಬಿಟ್ಟ ಹಾಗೆಯೇ. ಒಂದು ಸೂಜಿಯನ್ನೂ ಅವರು ಹಾಕಿರಲಿಲ್ಲ.

"ಯಾಕ ಕತ್ತರಿಸಿದ್ರಿ ಸರೋಜಕ್ಕಾ?" ವೈಜಯಂತಿಯ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳುತ್ತಿದ್ದಳು.

ದಾರ ಒಣಗಿ ಕುಗ್ಗಿತ್ತು ಎನ್ನಬಹುದಿತ್ತು. ಹಾಗೆಂದರೆ ಸತ್ತವರ ಅಳತೆಯ ಮೇಲೆ ತಪ್ಪು ಹಾಕಿದಂತೆ. ರಾಜಣ್ಣ ಹೇಳಿದ ಎನ್ನಬಹುದಿತ್ತು. ಎಲ್ಲರ ಮುಂದೆಯೂ ಅದನ್ನೇ ಅಂದಿದ್ದೆ. ಈ ಹುಡುಗಿಯ ಮುಂದೆ ಆಗಲಿಲ್ಲ.

"ಛಂದ ಕಾಣಲಿ ಅಂತ್ರಿ" ಎಂದೆ.

ವೈಜಯಂತಿ ಖಾಲಿ ಚೀಲವನ್ನು ಮಡಚಿಕೊಂಡು ಎದ್ದಳು.

"ಛಂದ ಕಾಣಸ್ತದ್ರಿ" ಎಂದಳು. "ಅತ್ತಿಯವರೂ ದಿನಾ ಅದನ್ನೇ ಅಂತಿದ್ರು."